ಹಾಸಿಗೆ ಅಂಗಡಿಯ ಕಂಪ್ಯೂಟರ್ ಕೆಟ್ಟ ನಾಲ್ಕು ದಿನ

ಶುಕ್ರವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಕೈಯಲ್ಲಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಕಪ್ಪು ಸ್ಕ್ರೀನಿನ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು. ಕೊನೆಯ ಸಾಲಿನಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ. ಹಿಂದೆಯೇ ಹೆಂಗಸಿನ ದನಿಯ ಮೆಸೇಜು: “ಮೇಡಂ, ಇವ್ರು ಬೆಳಿಗ್ಗೆಯಿಂದ ಮಾತಾಡ್ತಾ ಇಲ್ಲ. ಬರೀ ಬಿಳೀ ಅಕ್ಷರ ಬರ್ತೈತೆ. ಬೇಗ ಬನ್ನಿ.”

ಇವ್ರು ಎಂದರೆ ಆಕೆಯ ಗಂಡ. ಮುಳಬಾಗಿಲಿನಲ್ಲಿ ಹಾಸಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷೀನು, ಹಿಂದಿನ ಕೋಣೆಯಲ್ಲಿ ಸಂಸಾರ. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಎರಡು ವರ್ಷದಿಂದ ಅವರಿಗೆ ಮೋಟಾರ್ ನ್ಯೂರಾನ್ ಎಂಬ ನರದ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಉಳಿದದ್ದು ಕಣ್ಣಿನ ರೆಪ್ಪೆ ಮತ್ತು ಬಲಗೈಯ ಹೆಬ್ಬೆರಳು. ಹೆಬ್ಬೆರಳೂ ಹೆಚ್ಚು ದಿನ ಬಾರದು, ತಿಂಗಳೋ ಎರಡು ತಿಂಗಳೋ ಎಂದು ಕೋಲಾರದ ಡಾಕ್ಟರು ಹೇಳಿಯಾಗಿತ್ತು.

ಅವರ ಮಗಳು ಹಿಂದೆ ಶಾಲೆಯಲ್ಲಿ ನನ್ನ ಫಿಸಿಕ್ಸ್ ಸ್ಟೂಡೆಂಟ್ ಆಗಿದ್ದವಳು. ಅವಳು ಕೇಳಿಕೊಂಡಳೆಂದು ನಾನು ಆ ಹೆಬ್ಬೆರಳಿಗೆ ಒಂದು ಕಂಪ್ಯೂಟರ್ ಹೊಂದಿಸಿ ಕೊಟ್ಟಿದ್ದೆ. ಯಾರೋ ಬಿಟ್ಟ ಹಳೆಯ ಡೆಸ್ಕ್‌ಟಾಪು, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಹಳೆಯ ಮೌಸಿನ ಎಡಗುಂಡಿಯ ತಂತಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಬೆಸೆದು ಅವರ ಹೆಬ್ಬೆರಳ ಕೆಳಗಿಟ್ಟಿದ್ದೆ. ಸ್ಕ್ರೀನಿನ ಮೇಲೆ ಕನ್ನಡ ಅಕ್ಷರಗಳ ಸಾಲುಗಳು. ಒಂದು ಹಳದಿ ಬೆಳಕು ಸಾಲಿನಿಂದ ಸಾಲಿಗೆ ತಾನಾಗಿಯೇ ಇಳಿಯುತ್ತದೆ. ಬೇಕಾದ ಸಾಲು ಬಂದಾಗ ಒಮ್ಮೆ ಒತ್ತಬೇಕು. ಆಮೇಲೆ ಬೆಳಕು ಆ ಸಾಲಿನ ಅಕ್ಷರಗಳ ಮೇಲೆ ಒಂದೊಂದಾಗಿ ಸರಿಯುತ್ತದೆ, ಬೇಕಾದ ಅಕ್ಷರಕ್ಕೆ ಇನ್ನೊಮ್ಮೆ ಒತ್ತಬೇಕು. ವಾಕ್ಯ ಮುಗಿದರೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತದೆ.

ಗಟ್ಟಿಯಾಗಿ ಓದುವುದೇ ಮುಖ್ಯವಾಗಿತ್ತು. ಭಾಯಿ ಓದಿದ್ದು ಕನ್ನಡ ಶಾಲೆಯಲ್ಲಿ. ಹೆಂಡತಿಗೆ ಬರುವುದು ಉರ್ದು ಅಕ್ಷರ ಮಾತ್ರ. ಮನೆಯ ಮಾತು ದಖನಿ. ಅಕ್ಷರದ ಹಲಗೆ ಹಿಡಿದು ಗಂಡನ ಮಾತು ಓದಿಕೊಳ್ಳುವುದು ಆಕೆಗೆ ಸಾಧ್ಯವಿರಲಿಲ್ಲ. ಆತ ಕನ್ನಡ ಲಿಪಿಯಲ್ಲಿ ದಖನಿ ಬರೆಯುತ್ತಿದ್ದರು, ಮಷೀನು ಅದನ್ನು ಮೂಗಿನಲ್ಲಿ ಓದುತ್ತಿತ್ತು, ಆಕೆಗೆ ತಿಳಿಯುತ್ತಿತ್ತು. “ನಿಕಾಹ್ ಆದಾಗ ಇವ್ರ ದನಿ ಇದಲ್ಲ ಮೇಡಂ, ಈಗ ಬಸ್‌ಸ್ಟ್ಯಾಂಡಲ್ಲಿ ಕೂಗೋನ ಜೊತೆ ಸಂಸಾರ ಮಾಡ್ತಿದೀನಿ” ಎಂದು ಆಕೆ ನಗುತ್ತಿದ್ದಳು. ಭಾಯಿಯ ಕಣ್ಣೂ ನಗುತ್ತಿತ್ತು.

ಹತ್ತು ಗಂಟೆಯ ಬಸ್ಸಿಗೆ ಹೊರಟೆ. ನನ್ನ ಕೈಚೀಲದಲ್ಲಿ ಒಂದು ಪೆನ್‌ಡ್ರೈವು, ಸ್ಕ್ರೂಡ್ರೈವರು, ಬಿಪಿ ಮಾತ್ರೆ. ಫ್ರ್ಯಾಂಕ್ಲಿ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಉತ್ಸಾಹವೇ ಹೆಚ್ಚಿತ್ತು. ಎಪ್ಪತ್ತು ದಾಟಿದ ಹೆಂಗಸಿಗೆ ಬೇಗ ಬನ್ನಿ ಎಂದು ಯಾರು ಫೋನ್ ಮಾಡುತ್ತಾರೆ?

ಕೇಸು ಸರಳವಾಗಿಯೇ ಕಂಡಿತು. ಸರಿಯಾಗಿ ಆಫ್ ಆಗದೆ ಏಕಾಏಕಿ ನಿಂತ ಕಂಪ್ಯೂಟರಿನಲ್ಲಿ ಡಿಸ್ಕಿನ ಫೈಲು ವ್ಯವಸ್ಥೆ ಗೋಜಲಾಗಿರುತ್ತದೆ. ಮತ್ತೆ ಏಳುವಾಗ ಲಿನಕ್ಸ್ ಅರ್ಧದಾರಿಯಲ್ಲಿ ನಿಂತು, ನೀನೇ ಬಂದು ಪರೀಕ್ಷಿಸು ಎನ್ನುತ್ತದೆ. ಡಿಸ್ಕ್ ಪರೀಕ್ಷಿಸುವ ಕಮಾಂಡ್ ಕೊಟ್ಟೆ. ಸರಿಪಡಿಸಲೇ, ಸರಿಪಡಿಸಲೇ ಎಂದು ಅದು ಪ್ರತಿ ಸಾಲಿಗೂ ಕೇಳಿತು, ಪ್ರತಿ ಸಾಲಿಗೂ ಯೆಸ್ ಒತ್ತಿದೆ. ಅರ್ಧ ಗಂಟೆಯ ಮೇಲೆ ಡೆಸ್ಕ್‌ಟಾಪು ಬಂತು, ಅಕ್ಷರದ ಸಾಲುಗಳು ಬಂದವು. ಭಾಯಿ ನಿಧಾನವಾಗಿ ಒತ್ತಿದರು. ಮಷೀನು ಮೂಗಿನಲ್ಲಿ ಹೇಳಿತು: “ಮಿಸ್ ಕು ಚಾಯ್ ದೇ.”

ಚಹಾ ಕುಡಿದೆ. ಎರಡು ಗಂಟೆ ಕೂತು ನೋಡಿದೆ, ಏನೂ ಆಗಲಿಲ್ಲ. ಸಂತೋಷದಿಂದ ವಾಪಸ್ಸು ಬಂದೆ. ಸಂಜೆ ಏಳಕ್ಕೆ ಫೋನು: “ನೀವು ಹೋಗಿ ಒಂದು ಗಂಟೆಗೇ ನಿಂತೋಯ್ತು ಮೇಡಂ. ನೀವಿದ್ರೆ ನೆಟ್ಟಗಿರ್ತೈತೆ. ನಿಮ್ಮನ್ನ ಕಂಡ್ರೆ ಅದಕ್ಕೂ ಭಯ.”

ಶನಿವಾರ ಹೋದಾಗ ಇನ್ನೂ ಕೆಟ್ಟಿತ್ತು. ಈ ಸಲ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ ಬಿಟ್ಟು ಸ್ಕ್ರೀನಿನಲ್ಲಿ ಬೇರೇನೂ ಇರಲಿಲ್ಲ. ಸಿಸ್ಟಮ್ಮನ್ನು ಎಬ್ಬಿಸುವ ಮೊದಲ ಪ್ರೋಗ್ರಾಮಿಗೇ ಮುಂದಿನ ದಾರಿ ಸಿಗುತ್ತಿಲ್ಲ ಎಂದರ್ಥ. ಪೆನ್‌ಡ್ರೈವಿನಿಂದ ಬೇರೆ ಲಿನಕ್ಸ್ ಎಬ್ಬಿಸಿ, ಅದರೊಳಗಿಂದ ಹಳೆಯ ಸಿಸ್ಟಮ್ಮಿನ ಒಳಹೊಕ್ಕು ಆ ಪ್ರೋಗ್ರಾಮನ್ನು ಮತ್ತೆ ಕೂರಿಸಿದೆ. ಎದ್ದಿತು. ಆದರೆ ಎರಡು ದಿನದಲ್ಲಿ ಎರಡು ಬಗೆಯ ರೋಗ ಎಂದರೆ ಬೇರು ಬೇರೆ ಇರಬೇಕು. ರ್‍ಯಾಮ್ ಮೇಲೆ ಅನುಮಾನ ಬಂತು. ಮೆಮೊರಿ ಟೆಸ್ಟು ಹಾಕಿದೆ. ಅದು ಇಡೀ ದಿನ ನುಂಗುವ ಕೆಲಸ. ಅಷ್ಟು ಹೊತ್ತೂ ಭಾಯಿಯ ಎದುರಿನ ಸ್ಕ್ರೀನಿನಲ್ಲಿ ಅಂಕಿಗಳು ಓಡುತ್ತಿದ್ದವು, ಅವರು ಅದನ್ನೇ ನೋಡುತ್ತ ಮಲಗಿದ್ದರು. ಸಂಜೆಗೆ ಒಂದೂ ಎರರ್ ಇಲ್ಲ ಎಂದು ಬಂತು.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿದೆ. ಅಂಗಡಿಯವನ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೇ ಬರುತ್ತವೆ. ನನ್ನ ಕಥೆಯನ್ನೆಲ್ಲ ಕೇಳಿ ಅವನು ಅಂದ: “ಏಂ ಮೇಡಂ, ಇಷ್ಟಕ್ಕೆ ಇಷ್ಟು ಕಷ್ಟನಾ? ಡಿಸ್ಕ್ ಹಳೇದು. ತೀಸಿ ಪಾರೇಯಂಡಿ, ಕಿತ್ತೆಸೆದು ಹೊಸದು ಹಾಕಿ ಕೈ ತೊಳ್ಕೊಳ್ಳಿ.”

“ಡಿಸ್ಕ್ ತಪ್ಪಲ್ಲಪ್ಪ, ಮೊದಲು ಡಯಾಗ್ನೋಸ್ ಮಾಡಬೇಕು” ಎಂದೆ.

“ನೀವು ಟೀಚರು. ನಾನೇನು ಹೇಳ್ಲಿ” ಎಂದು ಅವನು ನಕ್ಕ. ಟೆಸ್ಟಿನ ಮೇಲೂ ನಂಬಿಕೆ ಸಾಲದೆ ನಾನು ಬೇರೆ ರ್‍ಯಾಮ್ ಮಾತ್ರ ತೆಗೆದುಕೊಂಡು ಬಂದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹೊಸ ಡಿಸ್ಕ್ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅರ್ಧ ದಿನದ ಕೆಲಸ ಎಂದು ನನಗೂ ಗೊತ್ತಿತ್ತು. ಆದರೆ ಹಳೆಯದರಲ್ಲಿ ಎಷ್ಟೋ ಇತ್ತು. ಅವರ ಹೆಬ್ಬೆರಳಿನ ವೇಗಕ್ಕೆ ತಕ್ಕಂತೆ ವಾರಗಟ್ಟಲೆ ಕೂತು ಹೊಂದಿಸಿದ ಬೆಳಕಿನ ನಡಿಗೆ. ಅವರ ಮಾತಿನ ಪದಗಳ ಪಟ್ಟಿ. ಜೊತೆಗೆ ಒಂದು ತಿಂಗಳಿಂದ ಅವರು ದಿನಾ ಸ್ವಲ್ಪ ಸ್ವಲ್ಪ ಬರೆದು ಯಾರಿಗೂ ಓದಿಸದೆ ಇಟ್ಟಿದ್ದ ಒಂದು ಫೈಲು. ಅದೆಲ್ಲ ಉಳಿಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಮುಗಿಸದೆ ಏಳಬಾರದು ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನನ್ನನ್ನು ಊಟದ ಮನೆಯಲ್ಲಿ ಒಬ್ಬಳನ್ನೇ ಕೂರಿಸುತ್ತಿದ್ದರು. ಅರ್ಧಕ್ಕೆ ಬಿಟ್ಟು ಏಳುವುದು ಇವತ್ತಿಗೂ ನನಗೆ ಪಾಪದ ಹಾಗೆ. ರೋಗ ತಿಳಿಯದೆ ಡಿಸ್ಕ್ ಬದಲಾಯಿಸುವುದು ಸೋಲು ಎಂದುಕೊಂಡೆ.

ಭಾನುವಾರ ಆ ಮನೆಯಲ್ಲಿ ಕಂಪ್ಯೂಟರಿನಿಂದ ಒಂದು ಮಾತೂ ಬರಲಿಲ್ಲ. ರ್‍ಯಾಮ್ ಬದಲಾಯಿಸಿದೆ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ಹಳೆಯದಕ್ಕೆ ಇಳಿಸಿದೆ. ರಾತ್ರಿ ಅದು ಮತ್ತೆ ನಿಂತಿದ್ದರಿಂದ ಇನ್ನೊಮ್ಮೆ ಡಿಸ್ಕ್ ತಪಾಸಣೆ ಮಾಡಬೇಕಾಗಿ ಬಂತು. ಈ ಸಲ ಒಂದೊಂದಕ್ಕೂ ಉತ್ತರ ಕೊಡುವ ತಾಳ್ಮೆ ಇರಲಿಲ್ಲ. ಎಲ್ಲಕ್ಕೂ ಯೆಸ್ ಎಂದು ಒಂದೇ ಕಮಾಂಡ್ ಕೊಟ್ಟೆ. ಸಾಲುಗಳು ಸರಸರ ಓಡಿದವು. ಮುಗಿದಾಗ ಡೆಸ್ಕ್‌ಟಾಪು ಬಂತು, ಆದರೆ ಅಕ್ಷರದ ಸಾಲುಗಳು ಬರಲಿಲ್ಲ. ಅವರ ಹೆಸರಿನ ಫೋಲ್ಡರು ಅರ್ಧ ಖಾಲಿ. ಗುರುತು ಸಿಗದ ಚೂರುಗಳನ್ನೆಲ್ಲ ಸಿಸ್ಟಮ್ಮು ಬರಿ ನಂಬರಿನ ಹೆಸರು ಕೊಟ್ಟು ಒಂದು ಮೂಲೆಗೆ ಗುಡ್ಡೆ ಹಾಕಿತ್ತು. ಸಾಯುತ್ತಿರುವ ಡಿಸ್ಕನ್ನು ಮೊದಲು ಕಾಪಿ ಮಾಡಿಕೊಳ್ಳಬೇಕು, ಆಮೇಲೆ ಮುಟ್ಟಬೇಕು. ಇದು ಮೊದಲ ಪಾಠ. ನಾನು ನಾಲ್ಕು ಜನಕ್ಕೆ ಹೇಳಿಕೊಟ್ಟ ಪಾಠ.

ನಾನು ಕೆಲಸ ಮಾಡುತ್ತಿದ್ದಾಗ ಹೆಂಡತಿ ಭಾಯಿಯನ್ನು ಕೇಳುತ್ತಿದ್ದಳು. “ದರದ್ ಹೈ ಕ್ಯಾ?” ನೋವಾ ಎಂದು. ಭಾಯಿ ಒಮ್ಮೆ ರೆಪ್ಪೆ ಮುಚ್ಚಿದರು, ಹೌದು. ಕಾಲಾ? ಎರಡು ಸಲ, ಅಲ್ಲ. ತಲೆಯಾ? ಅಲ್ಲ. ಬೆನ್ನಾ? ತಡೆದು, ಒಮ್ಮೆ. ಆಕೆ ಎಡ ಮಗ್ಗುಲಾಗಿಸಿ, ಅಂಗಿಯೊಳಗೆ ಕೈ ಹಾಕಿ ಬೆನ್ನಿಗೆ ಮುಲಾಮು ಹಚ್ಚಿದಳು. ಆತ ಮತ್ತೆ ಮತ್ತೆ ಎರಡು ಸಲ ರೆಪ್ಪೆ ಮುಚ್ಚುತ್ತಿದ್ದರು. “ಏನೋ ಹೇಳ್ತಾವ್ರೆ ಮೇಡಂ, ನಂಗೆ ತಿಳೀತಿಲ್ಲ. ಇನ್ನೆಷ್ಟೊತ್ತು ಆಗ್ತೈತೆ?” ಎಂದಳು.

“ಆಯ್ತಮ್ಮ, ಇನ್ನೊಂದು ಹತ್ತು ನಿಮಿಷ” ಎಂದೆ. ಆ ದಿನ ಎಷ್ಟು ಸಲ ಹತ್ತು ನಿಮಿಷ ಎಂದೆನೋ.

ಸೋಮವಾರ ಮಧ್ಯಾಹ್ನ ಡೆಸ್ಕ್‌ಟಾಪನ್ನು ಆನ್ ಮಾಡಿಟ್ಟು, ರಾತ್ರಿಯವರೆಗೆ ನಿಲ್ಲದಿದ್ದರೆ ನಾಳೆ ಅಕ್ಷರದ ಸಾಲು ಹೊಂದಿಸುತ್ತೇನೆಂದು ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಕನ್ನಡಕ ಮರೆತದ್ದು ಗೊತ್ತಾಯಿತು. ತಿರುಗಿ ಹೋದೆ. ಒಳಗೆ ಕಾಲಿಟ್ಟವಳು ಹಾಗೇ ನಿಂತೆ. ಕಂಪ್ಯೂಟರಿನ ಡಬ್ಬಿಗೆ ದಪ್ಪ ಹತ್ತಿ ತುಂಬಿ ಹೊಲಿದ ಗವಸು ಹಾಕಿತ್ತು. ಹೂವಿನ ಚೀಟಿ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ, ತಂತಿ ಹೊರಬರಲು ಅಚ್ಚುಕಟ್ಟಾಗಿ ಬಿಟ್ಟ ಸೀಳು. ಒಳಗೆ ಮಷೀನು ನಡೆಯುತ್ತಿತ್ತು. ಕೈ ಇಟ್ಟರೆ ಜ್ವರ ಬಂದ ಮಗುವಿನ ಹಣೆಗಿಂತ ಬಿಸಿ.

“ಇದ್ಯಾವಾಗ ಹೊಲಿದಿದ್ದು?”

“ಎರಡು ವಾರ ಆಯ್ತು ಮೇಡಂ. ನೀವು ಬರೋವಾಗ ತೆಗೆದು ಒಳಗಿಡ್ತೀನಿ, ನಿಮ್ಮ ಕೆಲಸಕ್ಕೆ ಅಡ್ಡ ಅಂತ. ಅಂಗಡಿ ಹತ್ತಿ ಎಲ್ಲಾ ಹಾರಿ ಇದರ ಮೇಲೆ ಕೂರ್ತೈತೆ. ಮುಚ್ಚಿಡಿ ಅಂದಿದ್ದು ನೀವೇ ಅಲ್ವಾ?”

ನಾನೇ. ಮೊದಲ ದಿನ ಹೇಳಿದ್ದೆ, ಧೂಳು ಬೀಳದಂತೆ ಮುಚ್ಚಿಡಿ ಎಂದು. ಆಫ್ ಮಾಡಿದ ಮೇಲೆ ಎಂದು ಹೇಳಿರಲಿಲ್ಲ. ಆ ಮನೆಯಲ್ಲಿ ಅದು ಆಫ್ ಆಗುತ್ತಲೇ ಇರಲಿಲ್ಲ, ಗಂಡನಿಗೆ ಯಾವ ಗಳಿಗೆಯಲ್ಲಿ ಏನು ಹೇಳಬೇಕೆನಿಸುತ್ತದೋ ಎಂದು. ಹಾಸಿಗೆ ಮಾಡುವವಳಿಗೆ ಮುಚ್ಚು ಎಂದರೆ ಆಕೆ ಹತ್ತಿ ತುಂಬಿಯೇ ಮುಚ್ಚುತ್ತಾಳೆ.

ಡಬ್ಬಿ ಬಿಚ್ಚಿದೆ. ಪ್ರೊಸೆಸರ್ ತಣ್ಣಗಿಡುವ ಫ್ಯಾನಿನ ಕೆಳಗೆ, ಲೋಹದ ರೆಕ್ಕೆಗಳ ನಡುವೆ ಕಂದುಬಣ್ಣದ ಒಂದು ಪದರ. ಉಗುರಿನಿಂದ ಎಬ್ಬಿಸಿದರೆ ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಅಂಟಂಟು. ಮೂಗಿಗೆ ಹಿಡಿದರೆ ಸಾಂಬ್ರಾಣಿ. ಗುರುವಾರ ಸಂಜೆ ಆಕೆ ಗಂಡನ ಸುತ್ತ ಲೋಬಾನದ ಹೊಗೆ ಹಿಡಿಯುತ್ತಿದ್ದಳು. ಅವರಿಗೆ ಹಿಡಿದ ಮೇಲೆ ಕಂಪ್ಯೂಟರಿಗೂ. “ಇವ್ರ ನಾಲಿಗೆ ಅಲ್ವಾ ಮೇಡಂ ಅದು, ಅದಕ್ಕೂ ದಿಷ್ಟಿ ಆಗಲ್ವಾ?” ಎಂದಳು. ಲೋಬಾನದ ಜಿಗುಟಿಗೆ ಹತ್ತಿಯ ಎಳೆ ಕೂತು ಕೂತು ಕಂಬಳಿಯಾಗಿತ್ತು. ಅದರ ಮೇಲೆ ಗವಸು. ಸುಟ್ಟುಹೋಗಬಾರದೆಂದು ಮಷೀನು ತಾನೇ ತಾನಾಗಿ ನಿಲ್ಲುತ್ತಿತ್ತು. ನಿಂತ ಪ್ರತಿ ಸಲವೂ ಡಿಸ್ಕಿನ ಬರಹ ಕೆಡುತ್ತಿತ್ತು. ಅದೇ ಶಾಖಕ್ಕೆ ಡಿಸ್ಕೂ ಸೊರಗಿತ್ತು. ನಾನು ಬಂದಾಗಲೆಲ್ಲ ಗವಸು ಒಳಕೋಣೆಯಲ್ಲಿ ಇರುತ್ತಿತ್ತು, ಹಾಗಾಗಿ ನನ್ನೆದುರು ರೋಗ ಕಾಣಿಸುತ್ತಲೇ ಇರಲಿಲ್ಲ. ಸಿಸ್ಟಮ್ಮು ತಾನೇ ಬರೆದಿಡುವ ದಿನಚರಿಯಲ್ಲಿ ಟೆಂಪರೇಚರ್ ಮಿತಿ ಮೀರಿದೆ ಎಂಬ ಸಾಲು ಗುರುವಾರದಿಂದಲೂ ಇತ್ತು. ಕೊನೆಯ ಹತ್ತು ಸಾಲು ಮಾತ್ರ ನೋಡಿ ಬಿಟ್ಟಿದ್ದೆ.

ಆಕೆ ಆ ಕಂದು ಪದರವನ್ನು ಅಂಗೈಯಲ್ಲಿಟ್ಟು ನೋಡುತ್ತ, “ನಾನೇ ಮಾಡಿದ್ನಾ?” ಎಂದಳು.

“ಅಲ್ಲಮ್ಮ, ನಾನು” ಎಂದೆ. ಆಕೆ ನಂಬಲಿಲ್ಲ.

ಬ್ರಷ್ಷಿನಿಂದ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಪ್ರೊಸೆಸರಿಗೆ ಹೊಸ ಪೇಸ್ಟು ಹಚ್ಚಿ ಮತ್ತೆ ಜೋಡಿಸಿದೆ. ಡಿಸ್ಕಿನ ಆರೋಗ್ಯ ತೋರಿಸುವ ಕಮಾಂಡ್ ಕೊಟ್ಟೆ. ಅದನ್ನು ಮೊದಲ ದಿನವೇ ಕೊಡಬೇಕಿತ್ತು. ಓದಲಾಗದ ಜಾಗಗಳ ಸಂಖ್ಯೆ ನಾನು ನೋಡುತ್ತಿದ್ದ ಹಾಗೆಯೇ ಏರುತ್ತಿತ್ತು. ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಇನ್ನೊಂದು ರಾತ್ರಿ ಸಿಕ್ಕರೆ ಇದನ್ನೇ ಎಬ್ಬಿಸುತ್ತೇನೆ.

ಮಗಳು ಶ್ರೀನಿವಾಸಪುರದಿಂದ ಬಂದದ್ದು ಆ ಹೊತ್ತಿಗೆ. ಅಲ್ಲೇ ಅವಳ ಸಂಸಾರ, ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ. ಬುರ್ಖಾ ತೆಗೆದು ಮೊಳೆಗೆ ತಗಲಿಸಿ, ಅಪ್ಪನ ಪಕ್ಕ ಕೂತು ಹಣೆ ಸವರಿದಳು. ನನ್ನ ವಿವರಣೆಯನ್ನೆಲ್ಲ ಕ್ಲಾಸಿನಲ್ಲಿ ಕೇಳುತ್ತಿದ್ದ ಹಾಗೇ ಸುಮ್ಮನೆ ಕೇಳಿದಳು. ಆಮೇಲೆ, “ಮಿಸ್, ಹೊಸ ಡಿಸ್ಕ್ ಹಾಕಿದ್ರೆ ಅಬ್ಬಾ ಮಾತಾಡೋಕೆ ಎಷ್ಟೊತ್ತಾಗುತ್ತೆ?” ಎಂದಳು.

“ಅರ್ಧ ದಿನ. ಆದರೆ ಅವರ ಫೈಲು—”

“ಶುಕ್ರವಾರ ಹಾಕಿದ್ರೂ ಅರ್ಧ ದಿನಾನೇ?”

ಅವಳು ದನಿ ಏರಿಸಿರಲಿಲ್ಲ. ನನ್ನ ಒಳ್ಳೆಯ ಸ್ಟೂಡೆಂಟ್ ಅವಳು, ಲೆಕ್ಕದಲ್ಲಿ ತಪ್ಪಿದ ಸಾಲಿಗೆ ಬೆರಳಿಡುವವಳು. ಭಾಯಿಯ ಕಡೆ ತಿರುಗಿ ಕೇಳಿದಳು: “ಅಬ್ಬಾ, ಹಳೇದು ಹೋದ್ರೆ ಹೋಗ್ಲಾ?” ಆತ ಒಮ್ಮೆ ರೆಪ್ಪೆ ಮುಚ್ಚಿದರು. ತಡವೇ ಇಲ್ಲ. ನಾಲ್ಕು ದಿನದಲ್ಲಿ ಈ ಪ್ರಶ್ನೆಯನ್ನು ನಾನು ಅವರನ್ನು ಕೇಳಿರಲಿಲ್ಲ. ಹೌದು ಅಲ್ಲ ಎನ್ನಲು ಅವರಿಗೆ ಕಂಪ್ಯೂಟರ್ ಬೇಕಿರಲಿಲ್ಲ.

ಹಳೆಯ ಡಿಸ್ಕ್ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಬಸ್‌ಸ್ಟ್ಯಾಂಡಿನವನು ಹೊಸದನ್ನು ಕೊಡುವಾಗ ಏನೂ ಅನ್ನಲಿಲ್ಲ, ಅದು ಅವನ ದೊಡ್ಡತನ. ಮಂಗಳವಾರ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ಅಜಾನ್ ಆಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಕಿನ ನಡಿಗೆಯನ್ನು ಮೊದಲಿನಷ್ಟೇ ವೇಗಕ್ಕೆ ಇಟ್ಟೆ. ಭಾಯಿಗೆ ಹಿಡಿಯಲಾಗಲಿಲ್ಲ. ಅವರು ಒತ್ತುವಷ್ಟರಲ್ಲಿ ಬೆಳಕು ಮುಂದಿನ ಸಾಲಿಗೆ ಇಳಿದಿರುತ್ತಿತ್ತು. ನಿಧಾನ ಮಾಡಿದೆ. ಇನ್ನೂ ನಿಧಾನ ಮಾಡಿದೆ. ಕೊನೆಗೆ ಮೊದಲಿಗಿಂತ ಅರ್ಧ ವೇಗಕ್ಕೆ ಬಂದು ನಿಂತಿತು. ನಾಲ್ಕು ದಿನ ಸುಮ್ಮನಿದ್ದ ಹೆಬ್ಬೆರಳು ಅಷ್ಟು ಹಿಂದೆ ಸರಿದಿತ್ತು.

ಮೊದಲ ವಾಕ್ಯಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಮಷೀನು ಓದಿತು: “ಗಾದಿ ಮೇ ಗಾಂಠ್. ಬಾಯೇಂ ಕಮರ್ ಕೆ ನೀಚೇ.” ಹಾಸಿಗೆಯಲ್ಲಿ ಗಂಟು, ಎಡ ಸೊಂಟದ ಕೆಳಗೆ.

ಶುಕ್ರವಾರ ಸಂಜೆ ಹೆಂಡತಿ ಅವರಿಗೆಂದು ಹೊಸ ಹಾಸಿಗೆ ತುಂಬಿ ಹಾಕಿದ್ದಳಂತೆ. ಒಂದು ಕಡೆ ಹತ್ತಿ ಸರಿಯಾಗಿ ಹಿಂಜದೆ ಗಂಟು ಉಳಿದಿತ್ತು. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟ ಮನುಷ್ಯ ನಾಲ್ಕು ದಿನ ಅದರ ಮೇಲೆ ಮಲಗಿದ್ದರು. ಮಗಳೂ ತಾಯಿಯೂ ಸೇರಿ ಅವರನ್ನು ಮಗ್ಗುಲಾಗಿಸಿದರು. ಸೊಂಟದ ಎಲುಬಿನ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿತ್ತು, ನಡುವೆ ಒಡೆದಿತ್ತು. ತಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಕೀಬೋರ್ಡಿನ ಮುಂದೆ ಕೂತೇ ಇದ್ದೆ.

ಆ ಹುಣ್ಣು ಮಾಯಲಿಲ್ಲ. ನರ್ಸು ಬಂದು ಡ್ರೆಸಿಂಗ್ ಮಾಡಿ ಹೋಗುತ್ತಿದ್ದಳು. ಜ್ವರ ಬಂದು ಇಳಿಯುತ್ತಿತ್ತು, ಪ್ರತಿ ಸಲ ಇಳಿದಾಗಲೂ ಭಾಯಿ ಒಂದಷ್ಟು ಕಡಿಮೆಯಾಗಿರುತ್ತಿದ್ದರು. ದಿನಕ್ಕೆ ನಾಲ್ಕು ವಾಕ್ಯ ಬರುತ್ತಿದ್ದುದು ಎರಡಾಯಿತು. ನೀರು. ಕಿಟಕಿ ತೆಗಿ. ಮಗಳಿಗೆ ಫೋನ್ ಮಾಡು.

ನಾನು ಮನೆಯಲ್ಲಿ ಹಳೆಯ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಈ ಸಲ ಪಾಠದಲ್ಲಿ ಇದ್ದ ಹಾಗೆ, ಮೊದಲು ಇದ್ದದ್ದನ್ನು ಇದ್ದ ಹಾಗೇ ಕಾಪಿ ಮಾಡಲು ಹಾಕಿದೆ. ಓದಲು ಬಾರದ ಕಡೆ ಅದು ನಿಲ್ಲುತ್ತದೆ, ಬಿಟ್ಟು ಮುಂದೆ ಹೋಗುತ್ತದೆ, ಮತ್ತೆ ಹಿಂದೆ ಬಂದು ಇನ್ನೊಮ್ಮೆ ಓದಲು ನೋಡುತ್ತದೆ. ಒಂಬತ್ತು ದಿನ ನಡೆಯಿತು. ನಂಬರಿನ ಹೆಸರಿನ ಚೂರುಗಳಲ್ಲಿ ಕನ್ನಡ ಅಕ್ಷರ ಇದ್ದವನ್ನು ಹುಡುಕಿ ಹುಡುಕಿ ಕೊನೆಗೆ ಆ ಫೈಲು ಸಿಕ್ಕಿತು. ಮೊದಲರ್ಧ ಮಾತ್ರ.

ನಾನು ಓದಬಾರದಿತ್ತು, ಓದಿದೆ. ಹೆಂಡತಿಗೆ ದಖನಿಯಲ್ಲಿ ಬರೆದದ್ದು. ಅಂಗಡಿ ನೀನೇ ನಡೆಸು ಎಂದು ಶುರು. ಬೂರುಗದ ಹತ್ತಿಯನ್ನು ಎಷ್ಟು ದಿನ ಬಿಸಿಲಿಗೆ ಹಾಕಬೇಕು, ಒದ್ದೆ ಹತ್ತಿ ಮಾರುವವನನ್ನು ಹೇಗೆ ಹಿಡಿಯಬೇಕು, ಬಾಣಂತಿಗೆ ಎಂಥ ಹಾಸಿಗೆ, ಮುದುಕರಿಗೆ ಎಂಥದ್ದು. ಹಿಂಜುವ ಮಷೀನಿನ ಹಲ್ಲು ಯಾವಾಗ ಬದಲಾಯಿಸಬೇಕು ಎಂಬುದಕ್ಕೆ ಬಂದು, “ಗಂಟು ಉಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು” ಎಂಬರ್ಥದ ಮಾತಿನಲ್ಲಿ ಅಕ್ಷರಗಳು ಮುಗಿದು ಬರಿ ಪ್ರಶ್ನೆಚಿಹ್ನೆಗಳು.

ಆ ಚೂರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋದೆ. ಜ್ವರ ಇಳಿದ ದಿನ. ಭಾಯಿಯನ್ನು ದಿಂಬಿಗೆ ಒರಗಿಸಿದ್ದರು. ಅವರ ಒಪ್ಪಿಗೆ ಕೇಳಿ, ರೆಪ್ಪೆ ಒಮ್ಮೆ ಮುಚ್ಚಿದ ಮೇಲೆ ಮಷೀನಿನಿಂದ ಓದಿಸಿದೆ. ಹೆಂಡತಿ ಬಾಗಿಲ ಬಳಿ ನೆಲದ ಮೇಲೆ ಕೂತು ಕೇಳಿದಳು. ಅಕ್ಷರ ಮುಗಿದಲ್ಲಿ ಮಷೀನಿನ ದನಿ ನಿಂತಿತು.

“ಉಳಿದದ್ದು ನನ್ನ ಕೈಯಲ್ಲಿ ಹೋಯಿತು ಭಾಯಿ” ಎಂದೆ. “ನಿಮಗೆ ಆಗೋದಾದರೆ ಆ ಒಂದು ಸಾಲು ಹೇಳಿ. ಮೊದಲು ಏನು ನೋಡಬೇಕು? ನಾನು ಕಾಯುತ್ತೇನೆ.”

ಅಕ್ಷರದ ಸಾಲುಗಳನ್ನು ತೆರೆದೆ. ಬೆಳಕು ಮೊದಲ ಸಾಲಿಗೆ ಬಂತು, ಎರಡನೆಯದಕ್ಕೆ ಇಳಿಯಿತು. ಭಾಯಿ ಸ್ಕ್ರೀನನ್ನೇ ನೋಡುತ್ತಿದ್ದರು. ಕಣ್ಣು ಬೆಳಕಿನ ಜೊತೆಗೇ ಇಳಿಯುತ್ತಿತ್ತು. ಕೊನೆಯ ಸಾಲಿಗೆ ಬಂದು ಬೆಳಕು ಮತ್ತೆ ಮೇಲಕ್ಕೆ ಹೋಯಿತು. ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು, ಅಲುಗಲಿಲ್ಲ. ನಾನು ಸ್ವಿಚ್ಚನ್ನು ಒಂದೆಳೆ ಸರಿಸಿ ನೋಡಿದೆ. ವೇಗ ಇಳಿಸಿದೆ. ಇಳಿಸಬಹುದಾದಷ್ಟೂ ಇಳಿಸಿದೆ. ಬೆಳಕು ಒಂದೊಂದು ಸಾಲಿನ ಮೇಲೂ ಎಷ್ಟೋ ಹೊತ್ತು ನಿಂತು, ಕಾದು, ಇಳಿಯಿತು. ಭಾಯಿಯ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು.

ಹೆಂಡತಿ ಎದ್ದು ಬಂದು ಅವರ ಹಣೆ ಒರೆಸಿ, ಸ್ಕ್ರೀನು ನೋಡಿದಳು, ನನ್ನನ್ನು ನೋಡಿದಳು.

“ಮತ್ತೆ ಕೆಟ್ಟೋಯ್ತಾ ಮೇಡಂ?”

“ಇಲ್ಲಮ್ಮ” ಎಂದೆ. “ಕಂಪ್ಯೂಟರ್ ಚೆನ್ನಾಗೇ ಇದೆ.”